ಯಜಮಾನರಿರುವ ಮನೆ

ಹರಿಹರ
ಭಾನುವಾರ, ೯ ಫೆಬ್ರವರಿ ೨೦೨೫

ಮುದ್ದು ರಶ್ಮಿತಾಗೆ ನಿನ್ನ ಅಮ್ಮನ ಆಶೀರ್ವಾದ.

ದಿನಾ ಫೋನಿನಲ್ಲಿ ಮಾತಾಡುವವಳು ಇದೇನು ಕಾಗದ ಬರೆದಿದ್ದಾಳೆ ಎಂದು ನಗಬೇಡ. ಇದನ್ನು ಬಾಯಲ್ಲಿ ಹೇಳಲು ನನ್ನಿಂದಾಗದು. ದಾವಣಗೆರೆಗೆ ಬಂದು ನನ್ನ ಜೊತೆ ಇರಮ್ಮ ಎಂದು ನೀನು ಹಟ ಹಿಡಿದಿದ್ದಕ್ಕೇ ಮನೆ ಮಾರಲು ಒಪ್ಪಿದೆ. ಆದರೆ ನೋಡಲು ಬಂದವರೆಲ್ಲ ಪಡಸಾಲೆಯಲ್ಲಿ ಹಾರ ಹಾಕಿದ ನಿಮ್ಮಪ್ಪನ ಫೋಟೊ ಕಂಡು, ಇನ್ನೂ ವರ್ಷ ತುಂಬಿಲ್ಲವೇ ಎಂದು ಕೇಳಿ, ನೀರೂ ಕುಡಿಯದೆ ಎದ್ದು ಹೋಗುತ್ತಿದ್ದರು.

ದಲ್ಲಾಳಿ ಯೋಗರಾಜ್ ಒಂದು ಉಪಾಯ ಹೇಳಿದ. "ಅಕ್ಕಾರೆ, ತಪ್ಪು ತಿಳೀಬ್ಯಾಡ್ರಿ. ಮನೇಲಿ ಯಜಮಾನ್ರು ಅದಾರೆ ಅನ್ನಂಗೆ ಕಾಣಬೇಕು. ಫೋಟೊ ತೆಗೀರಿ, ಬಾಗ್ಲಾಗೆ ಅವರ ಚಪ್ಪಲಿ ಇಡ್ರಿ, ಗೂಟಕ್ಕೊಂದು ಅಂಗಿ ಹಾಕ್ರಿ. ನೀವೂ ಒಂಚೂರು ಕುಂಕುಮ ಇಟ್ಕೊಳ್ರಿ. ಮನೆ ಮನಸ್ಸಿಗೆ ಬಂದ ಮ್ಯಾಲೆ ನಾನೇ ನಿಧಾನಕ್ಕೆ ಹೇಳ್ತೀನಿ," ಎಂದ. ಮೈ ಉರಿಯಿತು. ಉರಿದರೂ ಎಲ್ಲ ಮಾಡಿದೆ. ಫೋಟೊವನ್ನು ಪಕ್ಕದ ಮನೆಯ ಅಮೀನಾಬೀ ಕೈಗೆ ಕೊಟ್ಟೆ. ಅವಳೇ ತನ್ನ ಗಾಜಿನ ಬಳೆ ಕಳಚಿ ನನ್ನ ಕೈಗೆ ಏರಿಸಿದಳು. ಅಂಗಿಯನ್ನು ಮಾತ್ರ ಗೂಟಕ್ಕೆ ಹಾಕಲಿಲ್ಲ. ನಿಮ್ಮಪ್ಪ ಯಾವತ್ತು ಗೂಟ ಕಂಡವರು? ಕುರ್ಚಿಯ ಮೇಲೆ ಎಸೆದೆ, ಥೇಟ್ ಅವರ ಹಾಗೆ. ಮದುವೆಯಾದಾಗಿನಿಂದ ಅದಕ್ಕೇ ಬೈದವಳು ನಾನು. ಈಗ ಅದನ್ನು ನೋಡಿ ಎಷ್ಟು ಹಿತವಾಯಿತು ಗೊತ್ತಾ.

ನಿನ್ನೆ ಬಂದವರು ಗುತ್ತೂರಿನವರು. ಅತ್ತೆ, ಜೊತೆಗೆ ಸುನೀತಾ ಎಂಬ ಬಸುರಿ ಸೊಸೆ. ಯಜಮಾನರು ಎಲ್ಲಿ ಎಂದು ಅತ್ತೆ ಕೇಳಿದ್ದಕ್ಕೆ ಫ್ಯಾಕ್ಟರಿಗೆ ಹೋಗಿದ್ದಾರೆ, ಸೆಕೆಂಡ್ ಶಿಫ್ಟ್ ಎಂದೆ. ನಾಲಿಗೆ ತಡವರಿಸಲೇ ಇಲ್ಲ ನೋಡು. ಇಬ್ಬರಿಗೂ ಮನೆ ಹಿಡಿಸಿದಂತೆ ಕಂಡಿತು. ಹೊರಡುವಾಗ ಅತ್ತೆ, "ಬಸುರಿ ಹುಡುಗಿ, ಕುಂಕುಮ ಕೊಟ್ಟು ಕಳಿಸ್ರಿ," ಎಂದುಬಿಟ್ಟರು. ಹುಡುಗಿಗೆ ಕೆಟ್ಟದ್ದಾಗದಿರಲಿ ಶಿವನೇ ಎಂದು ಬೇಡಿಕೊಳ್ಳುತ್ತ ಅವಳ ಹಣೆಗೆ ಇಟ್ಟೆ. ರೂಢಿಯಂತೆ ಅವಳೂ ನನ್ನ ಹಣೆಗೆ ಇಟ್ಟು, ತಾಳಿಗೆ ಹಚ್ಚಲೆಂದು ಸೆರಗಿನೊಳಗೆ ಬೆರಳು ತಂದಳು. ಇಷ್ಟೆಲ್ಲ ನಾಟಕ ಹೂಡಿದ್ದ ನಾನು ಅದೊಂದನ್ನು ಮರೆತಿದ್ದೆ. ಕೊರಳು ಬರಿದಾಗಿತ್ತು.

ಅವಳ ಬೆರಳು ನಿಂತಿತು. ನನ್ನ ಮುಖ ನೋಡಿದಳು, ಕುರ್ಚಿಯ ಮೇಲಿನ ಅಂಗಿ ನೋಡಿದಳು. ಅತ್ತೆ ಹಿಂದೆಯೇ ನಿಂತಿದ್ದರು. ಹುಡುಗಿ ತಾಳಿ ಇರಬೇಕಾದ ಜಾಗಕ್ಕೇ ಮೆಲ್ಲಗೆ ಕುಂಕುಮ ಒತ್ತಿ, ನನ್ನ ಸೆರಗು ಸರಿಮಾಡಿ, ಕಷ್ಟಪಟ್ಟು ಬಗ್ಗಿ ಕಾಲು ಮುಟ್ಟಿದಳು. ಅವರನ್ನು ಆಟೊ ಹತ್ತಿಸಿ ಬಂದು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಅಂಥ ಹುಡುಗಿಗೆ ಸುಳ್ಳು ಹೇಳಿದೆನಲ್ಲ ಎಂದು ಸಂಕಟ, ಅಷ್ಟೇ.

ಇವತ್ತು ಬೆಳಿಗ್ಗೆ ಯೋಗರಾಜ್ ಬಂದು, ಅವರಿಗೆ ಎಲ್ಲ ಗೊತ್ತಾಗಿದೆ, ಸೊಸೆಯೇ ಅತ್ತೆಯನ್ನು ಒಪ್ಪಿಸಿದ್ದಾಳೆ, ಮನೆ ಅವರಿಗೇ ಎಂದ. ನೀನು ಖುಷಿಪಡು. ನಾನು ಚೆನ್ನಾಗಿದ್ದೇನೆ.

ನಿನ್ನ ಅಮ್ಮ,
ವಾಣಿ

ತಾ.ಕ.: ನಾನು ಅತ್ತದ್ದು ಆ ಸುಳ್ಳಿಗಲ್ಲ ಮಗಳೇ. ಆಟೊ ಹತ್ತಿಸಿ ತಿರುಗಿದಾಗ ಬಾಗಿಲಲ್ಲಿ ಚಪ್ಪಲಿ ಕಂಡವು. ಅಯ್ಯೋ, ಬಂದುಬಿಟ್ಟರಲ್ಲ, ಇನ್ನೂ ಚಹಾಕ್ಕೇ ಇಟ್ಟಿಲ್ಲ ಎಂದು ಓಡಿ ಒಳಗೆ ಹೋದೆ. ಫೋಟೊ ತಂದುಕೊಡಲೇ ಎಂದು ಅಮೀನಾಬೀ ಕೇಳುತ್ತಲೇ ಇದ್ದಾಳೆ, ನಾಳೆ ನಾಳೆ ಎನ್ನುತ್ತಿದ್ದೇನೆ. ನೀನು ಬೇಗ ಬಾ. ಆ ಚಪ್ಪಲಿಯನ್ನು ನೀನೇ ತೆಗೆದಿಡು. ನನ್ನ ಕೈಲಿ ಆಗುತ್ತಿಲ್ಲ.