ಓಬಣ್ಣ ಮಾಮನ ‘ತಡಿ’

ಕೌಲ್ ಬಜಾರ್, ಬಳ್ಳಾರಿ
16 ನವೆಂಬರ್ 2025

ಪ್ರೀತಿಯ ಅಪ್ಪನಿಗೆ,

ತಮ್ಮ ಗಾದಿಲಿಂಗನ ಸೋಲನ್ನು ತಿಳಿಸುವುದು ಮತ್ತು ತೀರಿಕೊಳ್ಳುವ ಮುನ್ನ ನೀವು ಹೇಳಿದ “ತಮ್ಮಗ ಬಾಕ್ಸಿಂಗ್ ಬಿಡಸವ್ವ” ಎಂಬ ಮಾತಿಗೆ ಉತ್ತರಿಸುವುದು ಈ ಪತ್ರದ ಉದ್ದೇಶ.

ಇಂದು ಕುರುಗೋಡಿನ ಪಂದ್ಯದಲ್ಲಿ ಅವನು ಎರಡು ಸುತ್ತು ಕೈಗಳಿಂದ ಮುಖ ಮುಚ್ಚಿಕೊಂಡು ಹಿಂದೆ ಸರಿಯುತ್ತಲೇ ಇದ್ದ. ವಿರಾಮದಲ್ಲಿ ಅವನ ಗುರು ಓಬಣ್ಣ ಮಾಮ ನೀರು ಕುಡಿಸುತ್ತ ಗದರಿದರು.

“ಯಾಕಲೇ ಗುದ್ದವಲ್ಲಿ? ಹೆಣ್ಣು ನೋಡಾಕ ಬಂದೀಯೇನು?”

“ನೀವ ತಡಿ ತಡಿ ಅಂತ ಒದರಿದ್ರಲ್ರಿ ಮಾಮ. ಅದಕ್ಕ ತಡಕೊಂಡು ನಿಂತೆ.”

“ಅವನ ಗುದ್ದು ತಡಿ ಅಂದೆ. ಕಾಯ್ಕೊಂತ ನಿಂದ್ರು ಅಂದ್ನೇನಲೇ? ಈಗ ಸೋಲೋದಂತೂ ಖರೇ. ಒಂದರ ನೆಟ್ಟಗ ಗುದ್ದಿ ಸೋಲು!”

ಕೊನೆಯ ಸುತ್ತಿನಲ್ಲಿ ಅವನ ಒಂದೇ ಏಟಿಗೆ ಎದುರಾಳಿ ಹಗ್ಗಕ್ಕೆ ಒರಗಿದ. ಆದರೂ ಪಂದ್ಯ ಕೈತಪ್ಪಿತ್ತು. ತುಟಿ ಒಡೆದುಕೊಂಡು ಬಂದವನು ನನ್ನನ್ನು ಕಂಡು ನಕ್ಕ.

ಅಪ್ಪ, ಅವನಿಗೆ ‘ತಡಿ’ಯ ಅರ್ಥ ಚೆನ್ನಾಗಿಯೇ ಗೊತ್ತು. ಒಂದು ಪೆಟ್ಟೂ ತಿನ್ನಬಾರದೆಂದು ಬೆಳಿಗ್ಗೆ ಅವನಿಂದ ಆಣೆ ಮಾಡಿಸಿಕೊಂಡವಳು ನಾನು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಎಲ್ಲರೂ ಅವನನ್ನು ದಡ್ಡನೆಂದು ನಗುವಾಗ, ತರಗತಿಗೇ ಮೊದಲಿಗಳಾದ ನಾನೂ ಬಾಯಿ ಬಿಡಲಿಲ್ಲ.

ಅವನನ್ನು ಸೋಲಿಸಿದ್ದು ನನ್ನ ಆಣೆ; ಅವನಿಗೆ ಬಾಕ್ಸಿಂಗ್ ಬಿಡಿಸುವುದಿಲ್ಲ.

ನಿಮ್ಮ ಮಗಳು,
ಗೌತಮಿ