ಗೋಡೆಯಾಚೆಯ ತಮ್ಮನಿಗೆ ಶುಕ್ರನ ಸುದ್ದಿ

ಪೂರ್ವ ಬರ್ಲಿನ್,
೧೧ ಮಾರ್ಚ್ ೧೯೮೪

ಪ್ರೀತಿಯ ಎಕಾರ್ಟ್,

ಹೇಗಿದ್ದೀಯಪ್ಪ? ಹನ್ನೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು ಎನ್ನಲೂ ನಾಚಿಕೆ. ನಮ್ಮ ಸಂಸ್ಥೆಯವರು ಗೋಡೆಯಾಚೆಗೆ ಕಾಗದ ಹಾಕುವಂತಿಲ್ಲ, ನಿನಗೆ ಗೊತ್ತು. ಇದನ್ನು ಕೆಳಗಿನ ಮನೆಯ ಜಾಬೆಲ್ ಅಜ್ಜಿ ತರುತ್ತಾಳೆ. ಮುದುಕರನ್ನು ಆಚೆ ಬಿಡುತ್ತಾರಲ್ಲ. "ನಾನು ವಾಪಸ್ ಬರದಿದ್ರೂ ಸರ್ಕಾರಕ್ಕೆ ಲಾಭವೇ ಕಣೆ, ಪಿಂಚಣಿ ಉಳೀತದೆ. ಕಾಗದ ಒಳಲಂಗದಲ್ಲಿ ಇಟ್ಕೋತೀನಿ, ಅಲ್ಲಿ ಕೈ ಹಾಕೋ ಸಿಪಾಯಿ ಇನ್ನೂ ಹುಟ್ಟಿಲ್ಲ" ಅನ್ನುತ್ತಾಳೆ.

ನಾನು ಕನ್ನಡಿ ಕೂರಿಸಿದ ಉಪಕರಣ ರಷ್ಯನ್ನರ ನೌಕೆಯಲ್ಲಿ ಶುಕ್ರನನ್ನು ಸುತ್ತಿತು. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಅಲ್ಲಿನ ಗಾಳಿಯ ಬಿಸಿ ಅಳೆಯಿತು. ಮೋಡಗಳ ಮೇಲೆ, ಬಿಸಿಲು ಓರೆಯಾಗಿ ಬೀಳುವ ಧ್ರುವದ ಕಡೆಯೇ ಹೆಚ್ಚು ಬೆಚ್ಚಗಿದೆಯಂತೆ. ಯಾಕೆಂದು ಇನ್ನೂ ತಲೆ ಕೆಡಿಸಿಕೊಳ್ಳುತ್ತಿದ್ದಾರೆ. ನಾನು ಮಾಡಿದ್ದು ಅಷ್ಟು ದೂರ ಹೋಯಿತು, ನಾನು ಮಾತ್ರ ಐದು ಕಿಲೋಮೀಟರ್ ಆಚೆಯ ನಿನ್ನ ಮನೆಗೆ ಬರಲಾರೆ. ಮೊದಲ ಅಳತೆ ಬಂದ ದಿನ ಎಲ್ಲರೂ ಮನೆಗೆ ಫೋನ್ ಮಾಡಲು ಸಾಲು ನಿಂತರು. ನಾನೂ ನಿಂತೆ. ಅಮ್ಮ ಹೋಗಿ ಆಗ ಮೂರು ವಾರ. ಸರದಿ ಬಂದಾಗ ತಿರುಗಿಸಲು ಯಾವ ನಂಬರೂ ಇರಲಿಲ್ಲ.

ಗ್ರಹವನ್ನು ನೋಡುವ ಮೊದಲು ಆ ಉಪಕರಣ ಏನೂ ಇಲ್ಲದ ಕತ್ತಲನ್ನು ನೋಡಬೇಕು. ಉಪಕರಣಕ್ಕೂ ತನ್ನದೇ ಮೈಬಿಸಿ ಇದೆ. ಅದೆಷ್ಟೆಂದು ತಿಳಿದು ಕಳೆಯದಿದ್ದರೆ ಅಳೆದದ್ದೆಲ್ಲ ಸುಳ್ಳು. ಅಮ್ಮನ ಕೋಣೆ ಖಾಲಿಯಾದ ಮೇಲೆ ನಾನೂ ಬರೀ ಗೋಡೆ ನೋಡುತ್ತ ಕೂತೆ. ನಾವಿಬ್ಬರು ದೂರವಾದದ್ದರಲ್ಲಿ ನನ್ನ ತಪ್ಪೆಷ್ಟು ಎಂದು ಆಗ ಕಂಡಿತು.

ಅಮ್ಮನ ಮಣ್ಣಿನ ದಿನ ನೀನು ಒಂದು ದಿನದ ಪರವಾನಗಿಯಲ್ಲಿ ಬಂದೆ. ನಾನು ಗುಂಡಿಯ ಆಚೆ ಬದಿ ನಿಂತೆ, ನಿನ್ನ ಕೈ ಹಿಡಿಯಲಿಲ್ಲ. ನಮ್ಮ ಮೇಲಧಿಕಾರಿ ವೆಟ್ಸೆಲ್ ಹೂವು ತಂದಿದ್ದರು. "ಆ ಉದ್ದ ಕೋಟಿನವರು ಯಾರ್ರೀ?" ಎಂದರು. "ಅಮ್ಮನ ಕಡೆ ದೂರದವರು ಇರ್ಬೇಕು" ಎಂದೆ. ನಿನಗೆ ಕೇಳಿಸಿತು. ಟೋಪಿ ಹಾಕಿಕೊಂಡು ಹೊರಟುಹೋದೆ.

ಕ್ಷಮಿಸುವುದಾದರೆ ಅಜ್ಜಿಯ ಕೈಲಿ ಒಂದು ಸಾಲು ಕಳಿಸು. ಆಚೆಯವರೆಲ್ಲ ಈಚೆಗೆ ಕಳಿಸುವ ಹಾಗೆ ಕಾಫಿಪುಡಿ ಬೇಡ. ನಿನ್ನ ಮಕ್ಕಳು ನನ್ನನ್ನು ನೋಡಿಲ್ಲ, ಆದರೂ ಅತ್ತೆಯ ಆಶೀರ್ವಾದ ಹೇಳು. ಎದೆ ಮುಚ್ಚಿಕೊಂಡು ಓಡಾಡು, ಚಿಕ್ಕಂದಿನಿಂದ ನಿನಗೆ ಕೆಮ್ಮು.

ನಿನ್ನ ಅಕ್ಕ,
ಗುಡ್ರುನ್

ತಾ.ಕ.: ಸಂಸ್ಥೆಯವರು ಬಲವಂತ ಮಾಡಿ ನಿನ್ನ ಸಂಬಂಧ ಬಿಡಿಸಿದರು ಎಂದು ನೀನು ತಿಳಿದಿರುತ್ತೀಯ. ಕೆಲಸದ ಅರ್ಜಿಯಲ್ಲಿ ಕೇಳಿದ್ದು 'ಪತ್ರವ್ಯವಹಾರ ನಿಲ್ಲಿಸುತ್ತೀರಾ' ಎಂದಷ್ಟೇ. 'ಹೌದು' ಎಂದಿದ್ದರೆ ಸಾಕಿತ್ತು. ಕೆಲಸ ಕೈತಪ್ಪೀತೆಂದು 'ಅವನನ್ನು ತಮ್ಮನೆಂದು ಎಣಿಸುವುದಿಲ್ಲ' ಎಂದು ನಾನೇ ಸೇರಿಸಿದೆ. ಅಡುಗೆಮನೆ ಮೇಜಿನ ಮೇಲಿದ್ದ ಅದನ್ನು ಅಮ್ಮ ಓದಿದಳು. "ಅಕ್ಷರ ಏನೋ ದುಂಡಗಿದೆ ಕಣೆ" ಎಂದಳು. ಆಮೇಲೆ ಸಾಯುವವರೆಗೂ ನನ್ನೆದುರು ನಿನ್ನ ಹೆಸರೆತ್ತಲಿಲ್ಲ.