ಟಾಪು ಎತ್ತಿದ ಅಂಬಾಸಿಡರ್

ಶಹಾಪುರ
೧೦ ನವೆಂಬರ್ ೨೦೨೪

ಯಜಮಾನರಿಗೆ ಸುನಿತಾಳ ನಮಸ್ಕಾರ.

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಕಂಡರೂ ಕಾಣದಂತೆ ಸುಮ್ಮನಿರಿ. ನೀವು ಯಾದಗಿರಿಗೆ ಹೋಗಿ ಎರಡು ವರ್ಷವಾಯಿತು. ಫೋನಿನಲ್ಲಿ ಮಾತಾಡಿದರೆ ಜಗಳಕ್ಕೇ ಬರುತ್ತದೆ, ಅದಕ್ಕೇ ಈ ಕಾಗದ. ನಾನು ನಿಮಗೆ ಸುಳ್ಳು ಹೇಳಿದ್ದೇನೆ.

ನಮ್ಮ ಅಂಬಾಸಿಡರಿಗೆ ಯೋಗ್ಯ ರೇಟು ವಿಚಾರಿಸಿ ಮಾರಿಬಿಡು ಎಂದು ಮೆಸೇಜು ಹಾಕಿದ್ದಿರಲ್ಲ, ಹಳೆಯ ಕಾರು ಸಂಗ್ರಹಿಸುವ ಹೈದರಾಬಾದಿನ ಸಾಹುಕಾರರೊಬ್ಬರು ಬಂದಿದ್ದರು. ಇಂಜಿನ್ ಸದ್ದು ಕೇಳಿ ಖುಷಿಪಟ್ಟರು, ಟಾಪು ನೋಡಿ ಮುಖ ಕಿವುಚಿದರು. ಮೊದಲಿನಂತೇ ಇದ್ದಿದ್ದರೆ ನಾಲ್ಕು ಲಕ್ಷ, ಹೀಗೆ ಕೊಯ್ದು ಎತ್ತರ ಮಾಡಿದ್ದಕ್ಕೆ ಒಂದೂವರೆ ಎಂದರು. ಒಯ್ದ ಮೇಲೆ ಈ ಟಾಪು ಕಿತ್ತು ಬೇರೆಯದು ಕೂಡಿಸುತ್ತಾರಂತೆ.

ಮರುದಿನ ಗೋಗಿಯ ಮುಷರಫ ಬಂದ, ಮದುವೆಗೆ ಗಾಡಿ ಬಾಡಿಗೆ ಕೊಡುವವನು. ಹಿಂದಿನ ಸೀಟಿನಲ್ಲಿ ಕೂತು ತಲೆಯ ಮೇಲೆ ಗೇಣು ಹಾಕಿ ನೋಡಿದ. "ಅಕ್ಕಾ, ಬಾಸಿಂಗ ಕಟ್ಕೊಂಡು ತಲಿ ಬಗ್ಗಸದಂಗ ಕುಂದ್ರೂ ಗಾಡಿ ಈ ಕಡಿ ಇದೊಂದೇ ಅದ. ಮೂರೂವರಿ ಕೊಡ್ತೀನ್ರಿ, ಟಾಪು ಮುಟ್ಟಂಗಿಲ್ಲ" ಎಂದ.

ನಿಮಗೆ ಒಂದೂವರೆಯನ್ನಷ್ಟೇ ತಿಳಿಸಿದೆ. ಕೇಳಿದೊಡನೆ ಸಿಟ್ಟಿಗೆದ್ದು, ನನ್ನ ಗಾಡಿಯೇನು ಗುಜರಿಯೇನು ಎಂದು ಕೂಗಾಡುತ್ತ ಬಸ್ಸು ಹತ್ತಿ ಬರುತ್ತೀರಿ ಅಂದುಕೊಂಡಿದ್ದೆ. ಬೈಯುವುದಕ್ಕಾದರೂ ಬರಲಿ ಎಂಬ ಆಸೆ ನನ್ನದು. ನೀವು ನೋಡಿದರೆ "ನೀ ಹೇಳಿದ್ದೇ ರೇಟು, ಕೊಟ್ಟುಬಿಡು" ಎಂದಿರಿ. ಅಯ್ಯೋ, ಇನ್ನೂ ಇಷ್ಟು ನಂಬುತ್ತೀರಾ ನನ್ನನ್ನು?

ಆ ಟಾಪು ಯಾಕೆ ಎತ್ತಿದಿರೆಂದು ನನಗೆ ಗೊತ್ತಿಲ್ಲವೇ? ದೋರನಹಳ್ಳಿಯಲ್ಲಿ ನಮ್ಮ ಮದುವೆಯ ದಿನ ಇದೇ ಕಾರು ಹತ್ತುವಾಗ ನನ್ನ ಬಾಸಿಂಗ ಬಾಗಿಲಿಗೆ ತಗಲಿ ಮುರಿಯಿತು. "ಅಪಶಕುನ ಆತಲ್ಲೋ ಯಪ್ಪಾ" ಎಂದು ಭೀಮಾಬಾಯಿ ಅತ್ತೆ ಎದೆ ಬಡಿದುಕೊಂಡರು. ನೀವು ಕಾರನ್ನು ದೇವಿಂದ್ರನ ಗ್ಯಾರೇಜಿಗೆ ಒಯ್ದು ಟಾಪೂ ಬಾಗಿಲೂ ಎತ್ತರಿಸಿ ತಂದಿರಿ, ಇನ್ನು ಯಾವ ಹುಡುಗಿಗೂ ಹೀಗಾಗಬಾರದು ಎಂದಿರಿ. ಊರ ಮದುಮಕ್ಕಳೆಲ್ಲ ಅದರಲ್ಲಿ ಕೂತು ಹೋದರು. ನಾನು ಮಾತ್ರ ಮತ್ತೆ ಅದನ್ನು ಹತ್ತಲಿಲ್ಲ. ಮನೆಯಲ್ಲಿ ಹಾಲು ಒಡೆದರೂ ಮುರಿದ ಬಾಸಿಂಗದ ಮಾತೇ ತೆಗೆದೆ. ಕಡೆಯ ಜಗಳದಲ್ಲೂ ಅದನ್ನೇ ಅಂದೆ, ನೀವು ಚಪ್ಪಲಿ ಮೆಟ್ಟಿ ಹೊರಟುಬಿಟ್ಟಿರಿ. ತಪ್ಪು ನನ್ನದು.

ನೀವು ಒಪ್ಪಿದ್ದರಿಂದ ಬುಧವಾರ ಕಾರು ಒಯ್ಯಲು ಹೈದರಾಬಾದಿನವರ ಲಾರಿ ಬರುತ್ತದೆ. ಯೋಗ್ಯ ರೇಟು ಮುಷರಫ ಹೇಳಿದ್ದು, ನೀವು ಪಟ್ಟ ಕಷ್ಟಕ್ಕೆ ಬೆಲೆ ಕಟ್ಟಿದವನು ಅವನೊಬ್ಬನೇ. ಅವನಿಗೆ ಕೊಡಲೋ, ಮಾರುವುದೇ ಬೇಡವೋ, ಅಷ್ಟರೊಳಗೆ ಹೇಳಿ. ಸಾಮಾನು ತರಲು ನಾಳೆ ಯಾದಗಿರಿಗೆ ಹೊರಟಿರುವ ದೇವಿಂದ್ರನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವನ ಮುಂದೆ ಒಡೆಯಬೇಡಿ, ನಗುತ್ತಾನೆ.

ಇನ್ನೂ ನಿಮ್ಮವಳೇ,
ಸುನಿತಾ

ತಾ.ಕ.: ಇವತ್ತು ಮಧ್ಯಾಹ್ನ ಜಂತಿಗೆ ಕಟ್ಟಿದ್ದ ನನ್ನ ಬಾಸಿಂಗ ಇಳಿಸಿ, ಮುರಿದಲ್ಲಿ ದಾರ ಸುತ್ತಿ, ಹಣೆಗೆ ಕಟ್ಟಿಕೊಂಡು ಕಾರು ಹತ್ತಿ ಕೂತೆ. ಎಲ್ಲಿಯೂ ತಗಲಲಿಲ್ಲ.